ಜಾಲ ಕಡತ ವ್ಯವಸ್ಥೆಗಳಲ್ಲಿ ಓದು-ಬರಹ ಕೋಡ್‌ನ ಪುನಾರಚನೆ

ಜಾಲ ಕಡತ ವ್ಯವಸ್ಥೆಗಳಲ್ಲಿ ಓದು-ಬರಹ ಕೋಡ್‌ನ ಪುನಾರಚನೆ ಎಂಬುದು ತಂತ್ರಾಂಶ ನಿರ್ಮಾಣದ ಒಂದು ಕಾರ್ಯವಿಧಾನ. ದೂರದ ಗಣಕಯಂತ್ರದಲ್ಲಿರುವ ಕಡತಗಳನ್ನು ಓದುವ ಮತ್ತು ಅವುಗಳಿಗೆ ಬರೆಯುವ ತಂತ್ರಾಂಶದಲ್ಲಿ ಒಂದೇ ಬಗೆಯ ಕೋಡ್ ಹಲವು ಕಡೆ ಬೇರೆ ಬೇರೆಯಾಗಿ ಬೆಳೆದಿರುತ್ತದೆ. ಅದನ್ನು ಒಂದೆಡೆಗೆ ತಂದು, ಬಳಕೆದಾರನಿಗೆ ಕಾಣುವ ವರ್ತನೆಯನ್ನು ಬದಲಿಸದೆ ಒಳರಚನೆಯನ್ನು ಮಾತ್ರ ಸುಧಾರಿಸುವುದು ಇದರ ಉದ್ದೇಶ. ಈ ಕೆಲಸದಲ್ಲಿ ತಪ್ಪಾದರೆ ಬಳಕೆದಾರನ ದತ್ತಾಂಶವೇ ಕೆಡಬಹುದು ಅಥವಾ ಕಳೆದುಹೋಗಬಹುದು. ಆದ್ದರಿಂದ ಇದನ್ನು ತಂತ್ರಾಂಶ ಪುನಾರಚನೆಯ ಸೂಕ್ಷ್ಮವಾದ ಕ್ಷೇತ್ರಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ.

ಈ ವಿಷಯಕ್ಕೆ ಎರಡು ಪ್ರಮುಖ ಉದಾಹರಣೆಗಳಿವೆ. ಮೊದಲನೆಯದು, ಬೆಂಗಳೂರಿನ ಎಂಜಿನಿಯರುಗಳ ದೊಡ್ಡ ಪಾಲಿನ ಶ್ರಮದಿಂದ ಬೆಳೆದ ಗ್ಲಸ್ಟರ್‌ಎಫ್‌ಎಸ್ ಎಂಬ ಮುಕ್ತ ತಂತ್ರಾಂಶದಲ್ಲಿ 2014ರ 3.6 ಆವೃತ್ತಿಗಾಗಿ ನಡೆದ ಪುನಾರಚನೆ. ಎರಡನೆಯದು, ಲಿನಕ್ಸ್ ಕರ್ನೆಲ್‌ನಲ್ಲಿ 2021ರಿಂದ ರೂಪುಗೊಳ್ಳುತ್ತ ಬಂದಿರುವ ನೆಟ್‌ಎಫ್‌ಎಸ್ ಗ್ರಂಥಾಲಯ.

ಹಿನ್ನೆಲೆ

ಗಣಕಯಂತ್ರದ ಡಿಸ್ಕಿನಲ್ಲಿ ಕಡತಗಳನ್ನು ಹೆಸರಿಟ್ಟು ಜೋಡಿಸಿಡುವ ಏರ್ಪಾಡಿಗೆ ಕಡತ ವ್ಯವಸ್ಥೆ ಎಂದು ಹೆಸರು. ಕಡತಗಳು ಬೇರೊಂದು ಯಂತ್ರದಲ್ಲಿದ್ದು, ಜಾಲದ ಮೂಲಕ ಅವು ನಮ್ಮದೇ ಯಂತ್ರದಲ್ಲಿರುವಂತೆ ಬಳಕೆಗೆ ದೊರೆತರೆ ಅದು ಜಾಲ ಕಡತ ವ್ಯವಸ್ಥೆ. ಕಡತಗಳನ್ನು ಇಟ್ಟುಕೊಂಡಿರುವ ಯಂತ್ರವನ್ನು ಸರ್ವರ್ ಎಂದೂ ಅವುಗಳನ್ನು ಬೇಡುವ ಯಂತ್ರವನ್ನು ಕ್ಲೈಂಟ್ ಎಂದೂ ಕರೆಯುತ್ತಾರೆ. ಕಚೇರಿಯೊಂದರ ಹಲವು ಮೇಜುಗಳಿಂದ ಒಂದೇ ಕಡತವನ್ನು ತೆರೆಯುವುದು, ಕಾಲೇಜಿನ ಪ್ರಯೋಗಾಲಯದಲ್ಲಿ ಯಾವ ಯಂತ್ರದ ಮುಂದೆ ಕುಳಿತರೂ ವಿದ್ಯಾರ್ಥಿಗೆ ತನ್ನದೇ ಕಡತಗಳು ಸಿಗುವುದು, ಇವೆಲ್ಲ ಇಂಥ ವ್ಯವಸ್ಥೆಗಳಿಂದ ಸಾಧ್ಯವಾಗಿವೆ.

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1980ರ ದಶಕದ ಮಧ್ಯಭಾಗದಲ್ಲಿ ರೂಪಿಸಿದ ಎನ್‌ಎಫ್‌ಎಸ್ ಈ ವರ್ಗದಲ್ಲಿ ಹೆಚ್ಚು ಪ್ರಚಾರಕ್ಕೆ ಬಂದ ವ್ಯವಸ್ಥೆ. ಅದರ ಎರಡನೆಯ ಆವೃತ್ತಿಯ ನಿಯಮಾವಳಿ 1989ರಲ್ಲೂ ಮೂರನೆಯದು 1995ರಲ್ಲೂ ನಾಲ್ಕನೆಯದು 2000ದಲ್ಲೂ ಪ್ರಕಟವಾದವು. ಅದೇ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಐಬಿಎಂ ಸಹಯೋಗದೊಂದಿಗೆ ಎಎಫ್‌ಎಸ್ ರೂಪುಗೊಂಡಿತು. ಐಬಿಎಂನಲ್ಲಿ ಹುಟ್ಟಿ ಮೈಕ್ರೋಸಾಫ್ಟ್‌ನ ಕೈಯಲ್ಲಿ ಬೆಳೆದ ಎಸ್‌ಎಂಬಿ ವಿಂಡೋಸ್ ಯಂತ್ರಗಳ ನಡುವಿನ ಹಂಚಿಕೆಗೆ ಆಧಾರವಾಯಿತು. ಲಿನಕ್ಸ್‌ನಲ್ಲಿ ಇದರ ಕ್ಲೈಂಟ್ ಭಾಗವನ್ನು ಸಿಐಎಫ್‌ಎಸ್ ಎಂಬ ಹಳೆಯ ಹೆಸರಿನಿಂದಲೂ ಕರೆಯುವುದುಂಟು. ಬೆಲ್ ಲ್ಯಾಬ್ಸ್‌ನ ಪ್ಲಾನ್ 9 ಕಾರ್ಯಾಚರಣಾ ವ್ಯವಸ್ಥೆಯಿಂದ 9ಪಿ ಬಂದಿತು. ಸೇಜ್ ವೈಲ್ ಅವರ ಸಂಶೋಧನೆಯಿಂದ ಹುಟ್ಟಿದ ಸೆಫ್ ವ್ಯವಸ್ಥೆಯ ಕ್ಲೈಂಟ್ 2010ರಲ್ಲಿ ಲಿನಕ್ಸ್ ಕರ್ನೆಲ್ ಸೇರಿತು.

ಇವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ತಂಡಗಳಿಂದ ರಚಿತವಾದವು. ಸರ್ವರ್ ಜೊತೆ ಮಾತನಾಡುವ ಭಾಷೆ ಒಂದೊಂದಕ್ಕೂ ಬೇರೆ. ಆದರೆ ಕ್ಲೈಂಟ್ ಯಂತ್ರದ ಒಳಗೆ ಅವು ಮಾಡುವ ಕೆಲಸದ ಬಹುಪಾಲು ಒಂದೇ. ಪುನಾರಚನೆಯ ಅಗತ್ಯ ಹುಟ್ಟುವುದು ಈ ಸಾಮ್ಯದಿಂದ.

ಓದು ಮತ್ತು ಬರಹದ ಹಾದಿ

ಕಡತವನ್ನು ಓದಬೇಕೆಂದು ಪ್ರೋಗ್ರಾಂ ಕೇಳಿದಾಗ ಕಾರ್ಯಾಚರಣಾ ವ್ಯವಸ್ಥೆಯು ಮೊದಲು ತನ್ನ ಸ್ಮೃತಿಯಲ್ಲಿರುವ ಪುಟಸಂಗ್ರಹವನ್ನು ನೋಡುತ್ತದೆ. ಬೇಕಾದ ಪುಟ ಅಲ್ಲಿದ್ದರೆ ಜಾಲದ ಗೊಡವೆಯೇ ಇಲ್ಲ. ಇಲ್ಲದಿದ್ದರೆ ಸರ್ವರ್‌ಗೆ ಕೋರಿಕೆ ಕಳುಹಿಸಬೇಕು. ಕಡತವನ್ನು ಸಾಲಾಗಿ ಓದುತ್ತಿರುವುದು ಕಂಡುಬಂದರೆ, ಮುಂದೆ ಬೇಕಾಗುವ ಪುಟಗಳನ್ನೂ ಕೇಳುವ ಮೊದಲೇ ತರಿಸಿಡಲಾಗುತ್ತದೆ. ಇದಕ್ಕೆ ಮುನ್ನೋದು ಎನ್ನಬಹುದು. ಒಂದೇ ಕೋರಿಕೆಯಲ್ಲಿ ತರಿಸಬಹುದಾದ ಗಾತ್ರಕ್ಕೆ ಮಿತಿ ಇರುತ್ತದೆ. ಉದಾಹರಣೆಗೆ, ಮಿತಿಯು 256 ಕಿಲೋಬೈಟ್ ಆಗಿದ್ದು 1024 ಕಿಲೋಬೈಟ್ ಬೇಕಾಗಿದ್ದರೆ ಕೋರಿಕೆಯನ್ನು ನಾಲ್ಕಾಗಿ ಒಡೆಯಬೇಕು. ನಾಲ್ಕು ಉತ್ತರಗಳು ಯಾವ ಕ್ರಮದಲ್ಲಾದರೂ ಬರಬಹುದು. ಒಂದು ಅರ್ಧಕ್ಕೇ ನಿಲ್ಲಬಹುದು, ಇನ್ನೊಂದು ಬಾರದೆಯೇ ಹೋಗಬಹುದು. ಇವೆಲ್ಲವನ್ನೂ ಸರಿಪಡಿಸಿ, ಕೇಳಿದ ಪ್ರೋಗ್ರಾಂಗೆ ಅಖಂಡವಾದ ದತ್ತಾಂಶವನ್ನು ಒಪ್ಪಿಸುವುದು ಓದಿನ ಹಾದಿಯ ಹೊಣೆ.

ಬರಹದ ಹಾದಿ ಇದಕ್ಕಿಂತ ತೊಡಕಿನದು. ಪ್ರೋಗ್ರಾಂ ಬರೆದದ್ದು ಸಾಮಾನ್ಯವಾಗಿ ಕೂಡಲೇ ಸರ್ವರ್ ತಲುಪುವುದಿಲ್ಲ. ಅದು ಮೊದಲು ಪುಟಸಂಗ್ರಹದಲ್ಲಿ ಸೇರಿ, 'ಮಾಸಿದ ಪುಟ' ಎಂಬ ಗುರುತು ಪಡೆಯುತ್ತದೆ. ಸ್ವಲ್ಪ ಹೊತ್ತಿನ ನಂತರ ಇಂಥ ಪುಟಗಳನ್ನು ಒಟ್ಟುಗೂಡಿಸಿ ಸರ್ವರ್‌ಗೆ ಕಳುಹಿಸಲಾಗುತ್ತದೆ. ಇದನ್ನು ಹಿಂಬರಹ ಎಂದು ಕರೆಯಬಹುದು. ಈ ನಡುವಿನ ಅವಧಿಯಲ್ಲಿ ಬಳಕೆದಾರನ ಪರದೆಯ ಮೇಲೆ 'ಉಳಿಸಲಾಗಿದೆ' ಎಂಬ ಮಾತು ಕಂಡಿದ್ದರೂ ದತ್ತಾಂಶ ಇನ್ನೂ ಸರ್ವರ್‌ಗೆ ಮುಟ್ಟಿರದಿರಬಹುದು. ಆ ಹೊತ್ತಿನಲ್ಲೇ ಜಾಲ ಕಡಿದರೆ, ಸರ್ವರ್‌ನ ಡಿಸ್ಕ್ ತುಂಬಿದ್ದರೆ, ಅಥವಾ ಇನ್ನೊಬ್ಬರು ಅದೇ ಕಡತಕ್ಕೆ ಬರೆದಿದ್ದರೆ ಏನಾಗಬೇಕು ಎಂಬುದನ್ನು ಬರಹದ ಹಾದಿಯೇ ನಿರ್ಧರಿಸಬೇಕು. ತಡವಾಗಿ ತಿಳಿದ ದೋಷವನ್ನು ಬರೆದ ಪ್ರೋಗ್ರಾಂಗೆ ತಪ್ಪದೆ ತಿಳಿಸಬೇಕು. ಲಿನಕ್ಸ್‌ನಲ್ಲಿ ಈ ದೋಷಸೂಚನೆಯೂ ಬಹುಕಾಲ ಒಂದೊಂದು ಕಡತ ವ್ಯವಸ್ಥೆಯಲ್ಲಿ ಒಂದೊಂದು ರೀತಿ ಇತ್ತು. ಅದಕ್ಕೊಂದು ಏಕರೂಪದ ವಿಧಾನ ದೊರೆತದ್ದು 2017ರ 4.13 ಆವೃತ್ತಿಯಲ್ಲಿ.

ಹೀಗೆ ಪುಟಗಳನ್ನು ಹುಡುಕುವುದು, ಕೋರಿಕೆಗಳನ್ನು ಒಡೆಯುವುದು, ಉತ್ತರಗಳನ್ನು ಜೋಡಿಸುವುದು, ವಿಫಲವಾದುದನ್ನು ಮತ್ತೆ ಕಳುಹಿಸುವುದು, ಕೊನೆಗೆ ಲೆಕ್ಕ ಒಪ್ಪಿಸುವುದು, ಈ ಐದೂ ಕೆಲಸಗಳು ಎಲ್ಲ ಜಾಲ ಕಡತ ವ್ಯವಸ್ಥೆಗಳಿಗೂ ಸಮಾನ. ಸರ್ವರ್‌ಗೆ ಕಳುಹಿಸುವ ಸಂದೇಶದ ರೂಪ, ಬೀಗ ಹಾಕುವ ಕ್ರಮ, ಸಂಗ್ರಹದಲ್ಲಿರುವ ಪ್ರತಿ ಹಳತಾಯಿತೆಂದು ತಿಳಿಯುವ ಬಗೆ, ಇವು ಮಾತ್ರ ಪ್ರತಿಯೊಂದಕ್ಕೂ ವಿಶಿಷ್ಟ. ಎನ್‌ಎಫ್‌ಎಸ್ ಕ್ಲೈಂಟ್ ಸಾಮಾನ್ಯವಾಗಿ ಕಡತವನ್ನು ತೆರೆಯುವಾಗ ಅದು ಬದಲಾಗಿದೆಯೇ ಎಂದು ಸರ್ವರ್ ಬಳಿ ವಿಚಾರಿಸುತ್ತದೆ. ಎಎಫ್‌ಎಸ್‌ನಲ್ಲಿ ಬದಲಾವಣೆಯಾದಾಗ ಸರ್ವರ್ ತಾನೇ ಕ್ಲೈಂಟ್‌ಗೆ ಸುದ್ದಿ ಮುಟ್ಟಿಸುತ್ತದೆ. ಇಂಥ ವ್ಯತ್ಯಾಸಗಳನ್ನು ಅಳಿಸಲು ಸಾಧ್ಯವಿಲ್ಲ, ಅಳಿಸಲೂಬಾರದು.

ಪುನಾರಚನೆ ಎಂಬ ಪರಿಕಲ್ಪನೆ

ತಂತ್ರಾಂಶದ ಬಾಹ್ಯ ವರ್ತನೆಯನ್ನು ಕಾಯ್ದುಕೊಂಡು ಒಳರಚನೆಯನ್ನು ತಿದ್ದುವ ಕೆಲಸಕ್ಕೆ ರಿಫ್ಯಾಕ್ಟರಿಂಗ್ ಎಂಬ ಹೆಸರು ಬಳಕೆಯಲ್ಲಿದೆ. ವಿಲಿಯಂ ಆಪ್‌ಡೈಕ್ ಅವರು ಇಲಿನಾಯ್ ವಿಶ್ವವಿದ್ಯಾಲಯಕ್ಕೆ 1992ರಲ್ಲಿ ಸಲ್ಲಿಸಿದ ಪ್ರಬಂಧ ಈ ವಿಷಯದ ಆರಂಭಿಕ ಶಾಸ್ತ್ರೀಯ ಅಧ್ಯಯನಗಳಲ್ಲಿ ಒಂದು. ಮಾರ್ಟಿನ್ ಫೌಲರ್ ಅವರ 1999ರ ಗ್ರಂಥ ಈ ಪದವನ್ನು ಸಾಮಾನ್ಯ ಪ್ರೋಗ್ರಾಂಕಾರರವರೆಗೆ ತಲುಪಿಸಿತು.

ಬೆಂಗಳೂರಿನ ಆಡಳಿತದ ಇತಿಹಾಸದಿಂದ ಒಂದು ಹೋಲಿಕೆಯನ್ನು ಕೊಡಬಹುದು. 1862ರಿಂದ ಪೇಟೆಯ ಭಾಗಕ್ಕೆ ಒಂದು, ಶಿವಾಜಿನಗರ, ಹಲಸೂರು ಮೊದಲಾದ ಪ್ರದೇಶಗಳನ್ನು ಒಳಗೊಂಡ ದಂಡು ಪ್ರದೇಶಕ್ಕೆ ಮತ್ತೊಂದು, ಹೀಗೆ ಎರಡು ಪುರಸಭೆಗಳಿದ್ದವು. ಬೀದಿ, ಚರಂಡಿ, ಮಾರುಕಟ್ಟೆ, ತೆರಿಗೆ ಎರಡಕ್ಕೂ ಸಮಾನ ಕೆಲಸಗಳೇ ಆಗಿದ್ದರೂ ನಿಯಮ, ದಫ್ತರ, ಸಿಬ್ಬಂದಿ ಪ್ರತ್ಯೇಕ. 1949ರಲ್ಲಿ ಎರಡನ್ನೂ ಸೇರಿಸಿ ಒಂದೇ ನಗರಪಾಲಿಕೆಯನ್ನಾಗಿ ಮಾಡಲಾಯಿತು. ಬೀದಿಗಳು ಇದ್ದಲ್ಲೇ ಇದ್ದವು, ನಿವಾಸಿಗಳೂ ಅವರೇ. ಬದಲಾದದ್ದು ಅವುಗಳ ಹಿಂದಿನ ಆಡಳಿತಯಂತ್ರ. ಕೋಡ್‌ನ ಪುನಾರಚನೆಯಲ್ಲೂ ಆಗುವುದು ಬಹುಮಟ್ಟಿಗೆ ಇದೇ. ಒಂದು ಭೇದವನ್ನು ಮಾತ್ರ ನೆನಪಿಡಬೇಕು. ಆಡಳಿತದ ವಿಲೀನದಲ್ಲಿ ಲೆಕ್ಕದ ಪುಸ್ತಕವೊಂದು ತಪ್ಪಾದರೆ ಅದನ್ನು ಹುಡುಕಿ ತಿದ್ದಲು ಕಾಲಾವಕಾಶವಿರುತ್ತದೆ. ಕಡತ ವ್ಯವಸ್ಥೆಯಲ್ಲಿ ತಪ್ಪಾಗಿ ಬರೆದ ಪುಟದ ಹಿಂದಿನ ರೂಪ ಅಲ್ಲಿಗೇ ಅಳಿದುಹೋಗುತ್ತದೆ.

ಗ್ಲಸ್ಟರ್‌ಎಫ್‌ಎಸ್ ಮತ್ತು ಬೆಂಗಳೂರು

ಗ್ಲಸ್ಟರ್‌ಎಫ್‌ಎಸ್ ಅನೇಕ ಸಾಮಾನ್ಯ ಸರ್ವರ್‌ಗಳ ಡಿಸ್ಕುಗಳನ್ನು ಜಾಲದ ಮೂಲಕ ಬೆಸೆದು ಒಂದೇ ದೊಡ್ಡ ಕಡತ ವ್ಯವಸ್ಥೆಯಂತೆ ತೋರಿಸುವ ಮುಕ್ತ ತಂತ್ರಾಂಶ. ಆನಂದ್ ಬಾಬು ಪೆರಿಯಸಾಮಿ ಅವರು ಸಹಸ್ಥಾಪಕರಾಗಿ 2005ರಲ್ಲಿ ಆರಂಭಿಸಿದ ಸಂಸ್ಥೆ ಇದನ್ನು ರೂಪಿಸಿತು. ಸಂಸ್ಥೆಯ ಕಚೇರಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದರೂ ಎಂಜಿನಿಯರಿಂಗ್ ಕೆಲಸದ ಬಹುಭಾಗ ನಡೆದದ್ದು ಬೆಂಗಳೂರಿನಲ್ಲಿ. 2011ರ ಅಕ್ಟೋಬರ್‌ನಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಸುಮಾರು 13.6 ಕೋಟಿ ಡಾಲರ್‌ಗಳಿಗೆ ಅದನ್ನು ಕೊಂಡುಕೊಂಡಿತು. ಆ ಬಳಿಕವೂ ಬೆಂಗಳೂರಿನ ತಂಡ ಈ ಯೋಜನೆಯ ಮುಖ್ಯ ಕೇಂದ್ರವಾಗಿ ಮುಂದುವರಿಯಿತು.

ಇದರ ರಚನೆ ಪದರಗಳದು. ಪ್ರತಿ ಪದರಕ್ಕೆ ಟ್ರಾನ್ಸ್‌ಲೇಟರ್ ಎಂದು ಹೆಸರು. ಮುನ್ನೋದಿಗೆ ಒಂದು, ಬರಹವನ್ನು ತಡೆದು ಒಟ್ಟುಗೂಡಿಸಲು ಒಂದು, ಕಡತಗಳನ್ನು ಸರ್ವರ್‌ಗಳ ನಡುವೆ ಹಂಚಲು ಒಂದು, ಪ್ರತಿಗಳನ್ನು ಕಾಯಲು ಒಂದು, ಜಾಲದ ಮೂಲಕ ಕಳುಹಿಸಲು ಮತ್ತೊಂದು, ಹೀಗೆ ಪದರದ ಮೇಲೆ ಪದರ ನಿಲ್ಲುತ್ತದೆ. ಪ್ರತಿಯೊಂದು ಪದರವೂ ಓದು, ಬರಹ, ಹುಡುಕಾಟ ಮೊದಲಾದ ಕೋರಿಕೆಗಳನ್ನು ಮೇಲಿನಿಂದ ಪಡೆದು, ತನ್ನ ಪಾಲಿನ ಕೆಲಸ ಮಾಡಿ ಕೆಳಗಿನ ಪದರಕ್ಕೆ ದಾಟಿಸುತ್ತದೆ. ಉತ್ತರವು ಅದೇ ದಾರಿಯಲ್ಲಿ ಹಿಂದಿರುಗುತ್ತದೆ.

ಪ್ರತಿಗಳನ್ನು ಕಾಯುವ ಪದರಕ್ಕೆ ಎಎಫ್‌ಆರ್ ಎಂದು ಹೆಸರು. ಒಂದೇ ಕಡತದ ಎರಡು ಅಥವಾ ಮೂರು ಪ್ರತಿಗಳು ಬೇರೆ ಬೇರೆ ಸರ್ವರ್‌ಗಳಲ್ಲಿದ್ದು, ಬರೆದಾಗಲೆಲ್ಲ ಎಲ್ಲ ಪ್ರತಿಗಳೂ ಸಮನಾಗಿರಬೇಕು. ಇದಕ್ಕಾಗಿ ಪ್ರತಿ ಬರಹವೂ ಐದು ಹಂತಗಳ ಒಂದು ವ್ಯವಹಾರವಾಗಿ ನಡೆಯುತ್ತದೆ.

1. ಬರೆಯಬೇಕಾದ ಭಾಗಕ್ಕೆ ಎಲ್ಲ ಸರ್ವರ್‌ಗಳಲ್ಲೂ ಬೀಗ ಹಾಕುವುದು.
2. ಬರಹ ನಡೆಯಲಿದೆ ಎಂಬ ಗುರುತನ್ನು ಕಡತದ ಜೊತೆಗೇ ಇರುವ ವಿಸ್ತೃತ ಲಕ್ಷಣಗಳಲ್ಲಿ ದಾಖಲಿಸುವುದು.
3. ನಿಜವಾದ ಬರಹವನ್ನು ಎಲ್ಲ ಪ್ರತಿಗಳಿಗೂ ಕಳುಹಿಸುವುದು.
4. ಎಲ್ಲೆಡೆ ಯಶಸ್ವಿಯಾಗಿದ್ದರೆ ಗುರುತನ್ನು ಅಳಿಸುವುದು. ಒಂದು ಸರ್ವರ್ ತಪ್ಪಿದ್ದರೆ, ಆ ಸರ್ವರ್‌ನ ಪ್ರತಿ ಹಿಂದುಳಿದಿದೆ ಎಂಬ ಗುರುತನ್ನು ಉಳಿದವುಗಳ ಮೇಲೆ ಉಳಿಸುವುದು.
5. ಬೀಗ ತೆಗೆಯುವುದು.

ಸರ್ವರ್ ಮತ್ತೆ ಕೆಲಸಕ್ಕೆ ಬಂದಾಗ ಈ ಗುರುತುಗಳನ್ನು ಓದಿ, ಸರಿಯಾದ ಪ್ರತಿಯಿಂದ ಹಿಂದುಳಿದ ಪ್ರತಿಯನ್ನು ತುಂಬಲಾಗುತ್ತದೆ. ಇದಕ್ಕೆ ಸ್ವಯಂ-ದುರಸ್ತಿ ಎಂದು ಹೆಸರು. ಎರಡು ಪ್ರತಿಗಳೂ ಪರಸ್ಪರ 'ನೀನೇ ಹಿಂದುಳಿದಿರುವೆ' ಎಂದು ಗುರುತು ಹೊತ್ತಿದ್ದರೆ ಯಾವುದು ಸರಿ ಎಂದು ಯಂತ್ರಕ್ಕೆ ತಿಳಿಯದು. ಈ ಸ್ಥಿತಿಯನ್ನು ಸ್ಪ್ಲಿಟ್-ಬ್ರೇನ್ ಎನ್ನುತ್ತಾರೆ. ಆಗ ಕಡತವನ್ನು ಓದಲು ಹೋದವನಿಗೆ ದೋಷಸೂಚನೆ ಮಾತ್ರ ದೊರೆಯುತ್ತದೆ. ತಪ್ಪು ದತ್ತಾಂಶವನ್ನು ಸರಿಯೆಂದು ಕೊಡುವುದಕ್ಕಿಂತ ಕೊಡಲಾಗದೆಂದು ಹೇಳುವುದು ಮೇಲು ಎಂಬುದು ಇದರ ಹಿಂದಿನ ವಿವೇಕ.

3.6 ಆವೃತ್ತಿಯ ಪುನಾರಚನೆ

ವರ್ಷಗಳ ಬೆಳವಣಿಗೆಯಲ್ಲಿ ಎಎಫ್‌ಆರ್ ಕೋಡ್ ಜಟಿಲವಾಗಿತ್ತು. ದತ್ತಾಂಶ ಬರೆಯುವುದು, ಕಡತವನ್ನು ಮೊಟಕುಗೊಳಿಸುವುದು, ಅದರ ಒಡೆತನ ಅಥವಾ ಅನುಮತಿಗಳನ್ನು ಬದಲಿಸುವುದು, ವಿಸ್ತೃತ ಲಕ್ಷಣಗಳನ್ನು ಸೇರಿಸುವುದು, ಇವೆಲ್ಲವೂ ಮೇಲೆ ಹೇಳಿದ ಐದು ಹಂತಗಳನ್ನೇ ಅನುಸರಿಸಿದರೂ ಒಂದೊಂದರ ಕೋಡ್ ಒಂದೊಂದು ರೀತಿ ಇತ್ತು. ಒಂದು ಕಡೆ ತಿದ್ದಿದ ದೋಷ ಇನ್ನೊಂದು ಕಡೆ ಹಾಗೆಯೇ ಉಳಿಯಲು ಇಂಥ ರಚನೆ ಎಡೆಮಾಡಿಕೊಡುತ್ತದೆ. ಆನಂದ್ ಅವತಿ ಅವರು ರಚಿಸಿದ, 2014ರಲ್ಲಿ ಮುಖ್ಯ ಕೋಡ್‌ಗೆ ಸೇರಿದ ದೊಡ್ಡ ತಿದ್ದುಪಡಿಯೊಂದು ಈ ಪದರವನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿತು. ಅದು 3.6 ಆವೃತ್ತಿಯೊಂದಿಗೆ ಬಳಕೆದಾರರನ್ನು ತಲುಪಿತು. ಅದರ ಮುಖ್ಯ ಅಂಶಗಳು ಇವು.

ಬರಹದ ಸಮಾನ ಭಾಗ: ಕಡತಕ್ಕೆ ಸಂಬಂಧಿಸಿದ ಎಲ್ಲ ಬರಹ-ಜಾತಿಯ ಕ್ರಿಯೆಗಳ ಉತ್ತರಗಳನ್ನು ತುಂಬುವ, ಅಂತಿಮ ಫಲಿತಾಂಶವನ್ನು ನಿರ್ಣಯಿಸುವ ಕೋಡ್ ಒಂದೇ ಆಯಿತು. ಹೊಸ ಕ್ರಿಯೆಯೊಂದನ್ನು ಸೇರಿಸುವವನು ಅದಕ್ಕೇ ವಿಶಿಷ್ಟವಾದ ಕೆಲವೇ ಸಾಲುಗಳನ್ನು ಬರೆದರೆ ಸಾಕು. ಕಡತಕೋಶಗಳಿಗೆ ಸಂಬಂಧಿಸಿದ ಸೃಷ್ಟಿ, ಅಳಿಸುವಿಕೆ ಮೊದಲಾದ ಕ್ರಿಯೆಗಳನ್ನೂ ಇದೇ ರೀತಿ ಕ್ರಮಗೊಳಿಸಲಾಯಿತು.

ಓದಿನ ಸಮಾನ ಭಾಗ: ಓದುವಾಗ ಎಲ್ಲ ಪ್ರತಿಗಳನ್ನೂ ಕೇಳಬೇಕಿಲ್ಲ, ಒಂದು ಸರಿಯಾದ ಪ್ರತಿ ಸಾಕು. ಯಾವ ಪ್ರತಿ ಓದಲು ಯೋಗ್ಯ ಎಂಬುದನ್ನು ಕ್ಲೈಂಟ್ ತನ್ನ ಸ್ಮೃತಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆದರೆ ಸರ್ವರ್ ಒಂದು ಬಿದ್ದು ಎದ್ದರೆ ಆ ಬರಹ ಹಳತಾಗುತ್ತದೆ. ಇದನ್ನು ಕಂಡುಹಿಡಿಯಲು ಘಟನಾಸಂಖ್ಯೆಯೊಂದನ್ನು ಜಾರಿಗೆ ತರಲಾಯಿತು. ಸರ್ವರ್‌ನ ಸಂಪರ್ಕ ಹೋದಾಗ ಅಥವಾ ಬಂದಾಗ ಈ ಸಂಖ್ಯೆ ಏರುತ್ತದೆ. ಓದುವ ಮುನ್ನ ಕಡತದ ಬಳಿ ಬರೆದಿಟ್ಟ ಸಂಖ್ಯೆಯನ್ನು ಈಗಿನ ಸಂಖ್ಯೆಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಸರ್ವರ್‌ಗಳಿಂದ ಮಾಹಿತಿಯನ್ನು ಹೊಸದಾಗಿ ಪಡೆಯಲಾಗುತ್ತದೆ. ಓದು ವಿಫಲವಾದರೆ ಮುಂದಿನ ಪ್ರತಿಯತ್ತ ಹೊರಳುವ ಕೆಲಸವೂ ಈ ಸಮಾನ ಭಾಗದ್ದೇ.

ದುರಸ್ತಿಯ ಕೋಡ್: ಮೊದಲು ಸ್ವಯಂ-ದುರಸ್ತಿಯು ಕರೆ ಮತ್ತು ಮರುಕರೆಗಳ ಸರಪಳಿಯಾಗಿತ್ತು. ಒಂದು ಕೋರಿಕೆ ಕಳುಹಿಸಿ ಕೆಲಸ ಬಿಡುವುದು, ಉತ್ತರ ಬಂದಾಗ ಬೇರೊಂದು ಕಾರ್ಯಭಾಗದಲ್ಲಿ ಮುಂದುವರಿಸುವುದು, ಹೀಗೆ ಒಂದೇ ತರ್ಕ ಹತ್ತಾರು ತುಂಡುಗಳಾಗಿ ಚದುರಿತ್ತು. ಹೊಸ ರಚನೆಯಲ್ಲಿ 'ಕಳುಹಿಸು, ಉತ್ತರಕ್ಕೆ ಕಾಯಿ, ಮುಂದುವರಿ' ಎಂಬ ನೇರ ಕ್ರಮದಲ್ಲಿ ಅದನ್ನು ಬರೆಯಲಾಯಿತು. ಓದುಗನು ಮೇಲಿನಿಂದ ಕೆಳಗೆ ಓದಿ ಅರ್ಥಮಾಡಿಕೊಳ್ಳಬಹುದಾದ ಕೋಡ್ ಅದಾಯಿತು. ಹಿನ್ನೆಲೆಯಲ್ಲಿ ದುರಸ್ತಿ ನಡೆಸುವ ಪ್ರೋಗ್ರಾಂ ಕೂಡ ಸರಳಗೊಂಡಿತು.

ತ್ಯಾಜ್ಯದ ನಿವಾರಣೆ: ಬಳಕೆಯಲ್ಲಿಲ್ಲದ ಬೀಗ-ಮರುಸ್ಥಾಪನೆಯ ಕೋಡ್ ಮತ್ತು ಉಪಯೋಗವಿಲ್ಲದ ಕಾರ್ಯಭಾಗಗಳನ್ನು ತೆಗೆದುಹಾಕಲಾಯಿತು.

ಈ ಕೆಲಸದಲ್ಲಿ ಗಮನಿಸಬೇಕಾದ ಅಂಶವೆಂದರೆ ಹಳೆಯದರೊಂದಿಗಿನ ಹೊಂದಾಣಿಕೆ. ಬಳಕೆದಾರರ ಡಿಸ್ಕುಗಳಲ್ಲಿ ಹಿಂದಿನ ಆವೃತ್ತಿಗಳು ಬರೆದಿಟ್ಟ ಗುರುತುಗಳು ಇದ್ದೇ ಇದ್ದವು. ಹೊಸ ಕೋಡ್ ಅವುಗಳನ್ನು ತಪ್ಪಾಗಿ ಅರ್ಥೈಸಿದರೆ ಸರಿಯಾದ ಪ್ರತಿಯನ್ನೇ ಹಾಳು ಪ್ರತಿಯಿಂದ ತುಂಬುವ ಅಪಾಯವಿತ್ತು. ಆದ್ದರಿಂದ ಹೊಸ ಗುರುತನ್ನು ಸೇರಿಸಿದರೂ ಹಳೆಯ ಗುರುತುಗಳ ಅರ್ಥವನ್ನು ಕಾಪಾಡಲಾಯಿತು. ಬಾಹ್ಯ ವರ್ತನೆಯನ್ನು ಬದಲಿಸದಿರುವುದು ಎಂಬ ಮಾತಿನಲ್ಲಿ ಡಿಸ್ಕಿನ ಮೇಲೆ ಈಗಾಗಲೇ ಇರುವ ಬರಹವೂ ಸೇರಿದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇದರ ಮುಂದಿನ 3.7 ಆವೃತ್ತಿಯಲ್ಲಿ ಆರ್ಬಿಟರ್ ಎಂಬ ಸೌಲಭ್ಯ ಬಂದಿತು. ಮೂರನೆಯ ಸರ್ವರ್ ಕಡತದ ಹೆಸರು ಮತ್ತು ಗುರುತುಗಳನ್ನು ಮಾತ್ರ ಇಟ್ಟುಕೊಂಡು, ದತ್ತಾಂಶವನ್ನು ಇಟ್ಟುಕೊಳ್ಳದೆ, ವ್ಯಾಜ್ಯ ಬಂದಾಗ ಸಾಕ್ಷಿಯಂತೆ ವರ್ತಿಸುತ್ತದೆ. ಇದರಿಂದ ಮೂರು ಪೂರ್ಣ ಪ್ರತಿಗಳ ಖರ್ಚಿಲ್ಲದೆ ಸ್ಪ್ಲಿಟ್-ಬ್ರೇನ್ ಸ್ಥಿತಿಯನ್ನು ತಡೆಯಲು ಸಾಧ್ಯವಾಯಿತು. ರೆಡ್ ಹ್ಯಾಟ್ ಸಂಸ್ಥೆಯು ಗ್ಲಸ್ಟರ್ ಆಧಾರಿತ ತನ್ನ ವಾಣಿಜ್ಯ ಉತ್ಪನ್ನಕ್ಕೆ 2024ರ ಕೊನೆಗೆ ಬೆಂಬಲವನ್ನು ನಿಲ್ಲಿಸಿತು. ಮೂಲ ತಂತ್ರಾಂಶದ ಕೋಡ್ ಎಲ್ಲರಿಗೂ ಮುಕ್ತವಾಗಿದೆ.

ಲಿನಕ್ಸ್ ಕರ್ನೆಲ್‌ನ ನೆಟ್‌ಎಫ್‌ಎಸ್ ಗ್ರಂಥಾಲಯ

ಗ್ಲಸ್ಟರ್‌ಎಫ್‌ಎಸ್‌ನಲ್ಲಿ ನಡೆದದ್ದು ಒಂದೇ ತಂತ್ರಾಂಶದ ಒಳಗಿನ ಪುನಾರಚನೆ. ಲಿನಕ್ಸ್ ಕರ್ನೆಲ್‌ನಲ್ಲಿ ಸಮಸ್ಯೆ ಇನ್ನೂ ವಿಶಾಲವಾಗಿತ್ತು. ಅಲ್ಲಿ ಎಎಫ್‌ಎಸ್, ಸೆಫ್, 9ಪಿ, ಸಿಐಎಫ್‌ಎಸ್, ಎನ್‌ಎಫ್‌ಎಸ್ ಎಂಬ ಐದು ಪ್ರತ್ಯೇಕ ಕ್ಲೈಂಟ್‌ಗಳು ಪುಟಸಂಗ್ರಹದೊಂದಿಗೆ ತಮ್ಮದೇ ರೀತಿಯಲ್ಲಿ ವ್ಯವಹರಿಸುತ್ತಿದ್ದವು. ಸ್ಮೃತಿ ನಿರ್ವಹಣೆಯಲ್ಲಿ ಏನಾದರೂ ಬದಲಾದರೆ ಐದನ್ನೂ ತಿದ್ದಬೇಕಿತ್ತು. ಒಂಟಿ ಪುಟಗಳ ಬದಲು ಪುಟಗಳ ಕಟ್ಟನ್ನು ಒಂದು ಘಟಕವಾಗಿ ನೋಡುವ ಫೋಲಿಯೊ ಪದ್ಧತಿ 2022ರ ಜನವರಿಯಲ್ಲಿ ಬಿಡುಗಡೆಯಾದ 5.16 ಆವೃತ್ತಿಯಲ್ಲಿ ಬಂದಾಗ ಈ ಹೊರೆ ಇನ್ನಷ್ಟು ಸ್ಪಷ್ಟವಾಯಿತು.

ರೆಡ್ ಹ್ಯಾಟ್‌ನ ಡೇವಿಡ್ ಹೋವೆಲ್ಸ್ ಅವರು ಕರ್ನೆಲ್‌ನ ಎಎಫ್‌ಎಸ್ ಕ್ಲೈಂಟ್‌ನ ಕರ್ತೃ. ದೂರದ ಕಡತಗಳ ಪ್ರತಿಯನ್ನು ಸ್ಥಳೀಯ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಎಫ್‌ಎಸ್-ಕ್ಯಾಶ್ ಎಂಬ ಸೌಲಭ್ಯವೂ ಅವರದೇ. ಅದು 2009ರ 2.6.30 ಆವೃತ್ತಿಯಲ್ಲಿ ಸೇರಿತ್ತು. ಅವರ ನೇತೃತ್ವದಲ್ಲಿ ಸಮಾನ ಗ್ರಂಥಾಲಯದ ಕೆಲಸ ಹಂತಹಂತವಾಗಿ ನಡೆಯಿತು.

2021ರ ಜೂನ್‌ನಲ್ಲಿ ಬಿಡುಗಡೆಯಾದ 5.13 ಆವೃತ್ತಿಯಲ್ಲಿ ಓದಿನ ಭಾಗ ಮೊದಲು ಬಂದಿತು. ಎಎಫ್‌ಎಸ್ ಮತ್ತು ಸೆಫ್ ಅದನ್ನು ಬಳಸಿದವು, ಬಳಿಕ 9ಪಿ ಸೇರಿತು. 2022ರ ಮಾರ್ಚ್‌ನಲ್ಲಿ ಬಂದ 5.17 ಆವೃತ್ತಿಯಲ್ಲಿ ಎಫ್‌ಎಸ್-ಕ್ಯಾಶ್ ಭಾಗವನ್ನು ಹೊಸದಾಗಿ ಬರೆದು ಸರಳಗೊಳಿಸಲಾಯಿತು. 2023ರ 6.4 ಆವೃತ್ತಿಯಲ್ಲಿ, ಸ್ಥಳೀಯ ಸಂಗ್ರಹ ಬಳಕೆಯಲ್ಲಿರುವಾಗಿನ ಓದಿಗಾಗಿ ಎನ್‌ಎಫ್‌ಎಸ್ ಈ ಗ್ರಂಥಾಲಯವನ್ನು ಬಳಸತೊಡಗಿತು. 2024ರ ಮಾರ್ಚ್‌ನ 6.8 ಆವೃತ್ತಿಯಲ್ಲಿ ಬರಹದ ಭಾಗ ಸೇರಿ, ಎಎಫ್‌ಎಸ್ ಮತ್ತು 9ಪಿ ಅದನ್ನು ಅಳವಡಿಸಿಕೊಂಡವು. 2024ರ ಜುಲೈನ 6.10 ಆವೃತ್ತಿಯಲ್ಲಿ ಹಿಂಬರಹದ ಕೋಡ್ ಮತ್ತೆ ರೂಪಾಂತರಗೊಂಡು ಸಿಐಎಫ್‌ಎಸ್ ಕೂಡ ಗ್ರಂಥಾಲಯದ ಆಶ್ರಯಕ್ಕೆ ಬಂದಿತು.

ಗ್ರಂಥಾಲಯದ ಕೆಲಸ ಹೀಗಿದೆ. ಓದುವ ಅಥವಾ ಬರೆಯುವ ಪ್ರತಿಯೊಂದು ಕೆಲಸವನ್ನೂ ಅದು ಒಂದು ಕೋರಿಕೆಯೆಂದು ದಾಖಲಿಸಿಕೊಂಡು, ಹಲವು ಉಪಕೋರಿಕೆಗಳಾಗಿ ಒಡೆಯುತ್ತದೆ. ಓದುವಾಗ ಒಂದು ಉಪಕೋರಿಕೆ ಸ್ಥಳೀಯ ಸಂಗ್ರಹದಿಂದಲೂ ಇನ್ನೊಂದು ಸರ್ವರ್‌ನಿಂದಲೂ ಪೂರೈಕೆಯಾಗಬಹುದು. ಕಡತದ ಅಂತ್ಯವನ್ನು ಮೀರಿದ ಭಾಗವನ್ನು ಸೊನ್ನೆಗಳಿಂದ ತುಂಬಿದರೆ ಸಾಕು. ಸ್ಥಳೀಯ ಸಂಗ್ರಹದಿಂದ ಓದುವುದು ವಿಫಲವಾದರೆ ಗ್ರಂಥಾಲಯವೇ ಸರ್ವರ್‌ನತ್ತ ತಿರುಗುತ್ತದೆ. ಬರೆಯುವಾಗ ಎರಡು ಸಮಾನಾಂತರ ಧಾರೆಗಳಿರುತ್ತವೆ. ಒಂದು ಸರ್ವರ್‌ಗೆ, ಮತ್ತೊಂದು ಸ್ಥಳೀಯ ಸಂಗ್ರಹಕ್ಕೆ. ಎರಡರಲ್ಲೂ ಉಪಕೋರಿಕೆಗಳ ಗಾತ್ರ ಬೇರೆಯಾಗಿರಬಹುದು.

ಕಡತ ವ್ಯವಸ್ಥೆಯು ಒದಗಿಸಬೇಕಾದದ್ದು ಕೆಲವು ಕಾರ್ಯಭಾಗಗಳನ್ನು ಮಾತ್ರ: ಕೋರಿಕೆ ಆರಂಭವಾಯಿತೆಂದು ತಿಳಿದುಕೊಳ್ಳುವುದು, ಒಂದು ಉಪಕೋರಿಕೆಯ ಗರಿಷ್ಠ ಗಾತ್ರವನ್ನು ಹೇಳುವುದು, ಓದಿನ ಸಂದೇಶವನ್ನು ಕಳುಹಿಸುವುದು, ಬರಹದ ಸಂದೇಶವನ್ನು ಕಳುಹಿಸುವುದು, ಕೊನೆಯಲ್ಲಿ ತೆರವುಗೊಳಿಸುವುದು. ಪುಟಗಳ ಲೆಕ್ಕಾಚಾರದಲ್ಲಿ ಅದು ತಲೆಹಾಕುವುದಿಲ್ಲ. ಯಾವುದು ಸಮಾನ, ಯಾವುದು ವಿಶಿಷ್ಟ ಎಂಬ ಗಡಿಯನ್ನು ಎಲ್ಲಿ ಎಳೆಯಬೇಕೆಂಬುದೇ ಇಂಥ ಪುನಾರಚನೆಯ ತಿರುಳು. ಗ್ಲಸ್ಟರ್‌ಎಫ್‌ಎಸ್‌ನ ಪದರಪದ್ಧತಿಯಲ್ಲಿ ಸಮಾನ ಕೆಲಸವನ್ನು ಒಂದು ಪದರವಾಗಿ ನಡುವೆ ಇಡಲಾಗುತ್ತದೆ. ನೆಟ್‌ಎಫ್‌ಎಸ್‌ನಲ್ಲಿ ಸಮಾನ ಕೋಡ್ ನಿಯಂತ್ರಣವನ್ನು ತನ್ನ ಕೈಯಲ್ಲಿಟ್ಟುಕೊಂಡು, ವಿಶಿಷ್ಟ ಭಾಗವನ್ನು ಬೇಕಾದಾಗ ಕರೆಯುತ್ತದೆ.

ಅನುಕೂಲಗಳು ಮತ್ತು ತೊಡಕುಗಳು

ಸಮಾನ ಕೋಡ್‌ನ ಮೊದಲ ಲಾಭವೆಂದರೆ ಒಂದು ಕಡೆ ತಿದ್ದಿದ ದೋಷ ಎಲ್ಲೆಡೆ ಸರಿಹೋಗುವುದು. ಹೊಸ ಸೌಲಭ್ಯವೂ ಒಮ್ಮೆ ಬರೆದರೆ ಎಲ್ಲರಿಗೂ ಸಿಗುತ್ತದೆ. 9ಪಿಯಂಥ ಸಣ್ಣ ತಂಡದ ಕಡತ ವ್ಯವಸ್ಥೆಗೂ ದೊಡ್ಡ ತಂಡಗಳ ಪರಿಶ್ರಮದ ಫಲ ದೊರೆಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕಲಿಯಬೇಕಾದದ್ದು ಕಡಿಮೆಯಾಗುತ್ತದೆ.

ಇದರ ಮರುಮುಖವೂ ಇದೆ. ಸಮಾನ ಕೋಡ್‌ನಲ್ಲಿ ನುಸುಳಿದ ದೋಷವೂ ಎಲ್ಲರಿಗೂ ಸಮಾನವೇ. ಬರಹದ ಭಾಗ ನೆಟ್‌ಎಫ್‌ಎಸ್ ಗ್ರಂಥಾಲಯಕ್ಕೆ ಬಂದ ನಂತರದ ಆವೃತ್ತಿಗಳಲ್ಲಿ ಹಲವು ದೋಷಗಳು ಬೆಳಕಿಗೆ ಬಂದು, ಅವುಗಳಿಗೆ ಸರಣಿ ತಿದ್ದುಪಡಿಗಳನ್ನು ಮಾಡಬೇಕಾಯಿತು. ಹಳೆಯ ಕೋಡ್‌ನಲ್ಲಿ ಅಸಹಜವಾಗಿ ಕಾಣುವ ಸಾಲೊಂದು, ಎಂದೋ ಯಾರೋ ಎದುರಿಸಿದ ನಿಜವಾದ ತೊಂದರೆಗೆ ಪರಿಹಾರವಾಗಿದ್ದಿರಬಹುದು. ಕಾರಣ ತಿಳಿಯದೆ ಅದನ್ನು ತೆಗೆದರೆ ಹಳೆಯ ತೊಂದರೆ ಮರಳುತ್ತದೆ. ಆದ್ದರಿಂದ ಪ್ರತಿ ತಿದ್ದುಪಡಿಯ ಜೊತೆ ಅದರ ಕಾರಣವನ್ನೂ ಬರೆದಿಡುವ ರೂಢಿಗೆ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಹೆಚ್ಚಿನ ಬೆಲೆಯಿದೆ.

ಅಪಾಯವನ್ನು ತಗ್ಗಿಸಲು ಕೆಲವು ಕ್ರಮಗಳು ಬಳಕೆಯಲ್ಲಿವೆ. ಓದಿನ ಭಾಗವನ್ನು ಮೊದಲು, ಬರಹದ ಭಾಗವನ್ನು ನಂತರ ಬದಲಿಸುವುದು ಅವುಗಳಲ್ಲಿ ಒಂದು. ಓದಿನ ದೋಷದಿಂದ ಸರ್ವರ್‌ನಲ್ಲಿರುವ ಮೂಲ ದತ್ತಾಂಶ ಸಾಮಾನ್ಯವಾಗಿ ಕೆಡುವುದಿಲ್ಲ. ಒಂದೊಂದೇ ಕಡತ ವ್ಯವಸ್ಥೆಯನ್ನು ಹೊಸ ಕೋಡ್‌ಗೆ ದಾಟಿಸುವುದು ಮತ್ತೊಂದು. ದೊಡ್ಡ ಬದಲಾವಣೆಯನ್ನು ಸಣ್ಣ ಸಣ್ಣ ತಿದ್ದುಪಡಿಗಳಾಗಿ ಒಡೆದರೆ, ತೊಂದರೆ ಕಂಡಾಗ ಯಾವ ತಿದ್ದುಪಡಿಯಿಂದ ಅದು ಬಂದಿತೆಂದು ಹುಡುಕುವುದು ಸುಲಭ. ಪರೀಕ್ಷೆಗಳಿಗಾಗಿ ಲಿನಕ್ಸ್ ಸಮುದಾಯದಲ್ಲಿ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ಪರೀಕ್ಷಾಸಂಚಯ ವ್ಯಾಪಕ ಬಳಕೆಯಲ್ಲಿದೆ. ಗ್ಲಸ್ಟರ್ ಯೋಜನೆಯಲ್ಲಿ, ಸರ್ವರ್‌ನ ಪ್ರೋಗ್ರಾಂ ಅನ್ನು ಬೇಕೆಂದೇ ನಿಲ್ಲಿಸಿ, ಆಗ ಬರೆದು, ಮತ್ತೆ ಆರಂಭಿಸಿ, ಪ್ರತಿಗಳು ಸಮನಾದವೇ ಎಂದು ನೋಡುವ ಸ್ವಯಂಚಾಲಿತ ಪರೀಕ್ಷೆಗಳನ್ನು ಕೋಡ್‌ನ ಜೊತೆಗೇ ಇಡಲಾಗಿದೆ.

ಬೆಂಗಳೂರಿನ ಪೂರ್ವಭಾಗದ ಸಂದರ್ಭ

ಒಂದೇ ಸಂಗ್ರಹವನ್ನು ಅನೇಕ ಯಂತ್ರಗಳು ಹಂಚಿಕೊಳ್ಳುವ ಸಮಸ್ಯೆ ಬೆಂಗಳೂರಿನ ಪೂರ್ವಭಾಗಕ್ಕೆ ಹೊಸದಲ್ಲ. ಹಲಸೂರಿನಿಂದ ಕೃಷ್ಣರಾಜಪುರದತ್ತ ಸಾಗುವ ಹಳೆ ಮದ್ರಾಸು ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ಸಿ-ಡ್ಯಾಕ್ ಸಂಸ್ಥೆಯ ಜ್ಞಾನೋದ್ಯಾನವಿದೆ. ಅಲ್ಲಿ ಸ್ಥಾಪನೆಯಾದ ಪರಮ್ ಪದ್ಮ ಮಹಾಗಣಕವು 2003ರ ಜೂನ್ ತಿಂಗಳ ವಿಶ್ವದ 500 ಅತಿವೇಗದ ಗಣಕಗಳ ಪಟ್ಟಿಯಲ್ಲಿ 171ನೆಯ ಸ್ಥಾನ ಪಡೆದಿತ್ತು. ಇಂಥ ಮಹಾಗಣಕವು ಜಾಲದಿಂದ ಬೆಸೆದ ಅನೇಕ ಯಂತ್ರಗಳ ಸಮೂಹವಾದ್ದರಿಂದ, ಎಲ್ಲವೂ ಒಂದೇ ದತ್ತಾಂಶವನ್ನು ಒಟ್ಟಿಗೆ ಓದಿ ಬರೆಯುವ ವ್ಯವಸ್ಥೆ ಅದಕ್ಕೆ ಅನಿವಾರ್ಯ. ಅದೇ ದಿಕ್ಕಿನಲ್ಲಿ ಇನ್ನೂ ಮುಂದಿರುವ ವೈಟ್‌ಫೀಲ್ಡ್‌ನಲ್ಲಿ ನೆಟ್‌ಆಪ್ ಸಂಸ್ಥೆಯ ಆವರಣವಿದೆ. ಎನ್‌ಎಫ್‌ಎಸ್ ಮತ್ತು ಎಸ್‌ಎಂಬಿ ಎರಡೂ ಭಾಷೆಗಳಲ್ಲಿ ಒಂದೇ ಸಂಗ್ರಹವನ್ನು ಒದಗಿಸುವ ಯಂತ್ರಗಳು ಆ ಸಂಸ್ಥೆಯ ಪ್ರಮುಖ ಉತ್ಪನ್ನಗಳು.

ಗ್ಲಸ್ಟರ್‌ಎಫ್‌ಎಸ್ ಮತ್ತು ಲಿನಕ್ಸ್ ಕರ್ನೆಲ್ ಎರಡರ ಕೋಡ್ ಹಾಗೂ ತಿದ್ದುಪಡಿಗಳ ಪೂರ್ಣ ಇತಿಹಾಸ ಸಾರ್ವಜನಿಕವಾಗಿ ಲಭ್ಯವಿದೆ. ಯಾವ ಸಾಲನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ಬದಲಿಸಿದರು ಎಂಬುದನ್ನು ಯಾವ ವಿದ್ಯಾರ್ಥಿಯಾದರೂ ಶುಲ್ಕವಿಲ್ಲದೆ ಓದಬಹುದು. ಹಳೆಯ ಮತ್ತು ಹೊಸ ರಚನೆಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಈ ವಿಷಯವನ್ನು ಅಧ್ಯಯನ ಮಾಡಲು ಉತ್ತಮ ಮಾರ್ಗ.

ಪಾರಿಭಾಷಿಕ ಪದಗಳು

ಪುಟಸಂಗ್ರಹ: ಕಡತಗಳ ಭಾಗಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಸ್ಮೃತಿಯ ಭಾಗ.
ಮುನ್ನೋದು: ಮುಂದೆ ಬೇಕಾಗಬಹುದಾದುದನ್ನು ಕೇಳುವ ಮೊದಲೇ ಓದಿಡುವುದು.
ಹಿಂಬರಹ: ಸ್ಮೃತಿಯಲ್ಲಿ ಬದಲಾದ ಪುಟಗಳನ್ನು ನಂತರ ಮೂಲಸ್ಥಾನಕ್ಕೆ ಬರೆಯುವುದು.
ಸ್ವಯಂ-ದುರಸ್ತಿ: ಹಿಂದುಳಿದ ಪ್ರತಿಯನ್ನು ಸರಿಯಾದ ಪ್ರತಿಯಿಂದ ತಾನಾಗಿ ತುಂಬಿಸಿಕೊಳ್ಳುವುದು.
ಸ್ಪ್ಲಿಟ್-ಬ್ರೇನ್: ಯಾವ ಪ್ರತಿ ಸರಿ ಎಂದು ನಿರ್ಣಯಿಸಲಾಗದಂತೆ ಪ್ರತಿಗಳು ಭಿನ್ನವಾಗಿರುವ ಸ್ಥಿತಿ.

ಇವನ್ನೂ ನೋಡಿ

ಕಾರ್ಯಾಚರಣಾ ವ್ಯವಸ್ಥೆ
ಲಿನಕ್ಸ್
ಮುಕ್ತ ತಂತ್ರಾಂಶ
ಸಿ-ಡ್ಯಾಕ್
ಬೆಂಗಳೂರು ದಂಡು ಪ್ರದೇಶ